ಹಿರಿಯರೇ ‘ತಪ್ಪಾಯ್ತು’ ಎಂದರೆ?

(ಹರಿಹರದ ಆರೋಗ್ಯಮಾತೆಯ ಹಬ್ಬದ ಪ್ರಬೋಧನೆ)



ಇಂದು ಸೆಪ್ಟೆಂಬರ್ 8, ತಾಯಿಯ ಹಬ್ಬ. ಈ ಅಂಗಳದಲ್ಲಿ ಎಷ್ಟು ಭಾಷೆ ಕೇಳಿಸುತ್ತಿದೆ ನೋಡಿ! ಕಡರನಾಯಕನಹಳ್ಳಿ, ದಾವಣಗೆರೆ ಕಡೆಯ ಕನ್ನಡ, ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದವರ ತಮಿಳು, ಕೊಂಕಣಿ, ತೆಲುಗು. ತಾಯಿಯ ಮುಂದೆ ಎಲ್ಲರ ಪ್ರಾರ್ಥನೆಯೂ ಒಂದೇ. ಒಬ್ಬರಿಗೊಬ್ಬರು ಮರ್ಯಾದೆ ತೋರಿಸುವ ರೀತಿ ಮಾತ್ರ ಬೇರೆ ಬೇರೆ.

ಕೊಂಕಣಿ ಮನೆಗಳಲ್ಲಿ ಜಪಸರ ಮುಗಿದ ಮೇಲೆ ಮಕ್ಕಳು ಹಿರಿಯರಿಂದ ‘ಬೆಸಾಂವ್’, ಅಂದರೆ ಆಶೀರ್ವಾದ ಕೇಳುತ್ತಾರೆ. ಉಪಕಾರ ಮಾಡಿದವರಿಗೆ ‘ದೇವ್ ಬರೆಂ ಕರುಂ’ ಎನ್ನುತ್ತಾರೆ, ದೇವರು ಒಳ್ಳೆಯದು ಮಾಡಲಿ ಎಂದು. ನಮ್ಮ ಹಳ್ಳಿಗಳಲ್ಲಿ ‘ಧನ್ಯವಾದ’ ಎಂಬ ಪದ ಭಾಷಣದಲ್ಲಿ ಬಿಟ್ಟರೆ ಕೇಳುವುದು ಕಡಿಮೆ. ಆದರೆ ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ, ‘ಹೋಗಿ ಬರ್ತೀನಿ’ ಅನ್ನುತ್ತಾರೆ. ಅರಿಯದೆ ಕಾಲು ತಾಗಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ವಿಜಯದಶಮಿಯಂದು ನಮ್ಮ ಹಿಂದೂ ನೆರೆಯವರು ಬನ್ನಿ ಎಲೆ ಕೊಟ್ಟು ‘ಬಂಗಾರದಂಗೆ ಇರೋಣ’ ಎನ್ನುತ್ತಾರೆ. ಮಾತು ಬಿಟ್ಟವರೂ ಆ ನೆಪದಲ್ಲಿ ಮಾತಾಡುತ್ತಾರೆ. ನಮ್ಮವರಿಗೆ ಕ್ಷಮೆ ಕೇಳಲು ಬರುವುದಿಲ್ಲ ಎಂದರೆ ನಾನಂತೂ ಒಪ್ಪುವುದಿಲ್ಲ. ಈಗ ಮಕ್ಕಳ ಬಾಯಲ್ಲಿ ‘ಸಾರಿ’ಯೂ ಇದೆ. ಇರಲಿ, ಒಳ್ಳೆಯದೇ.

ಆದರೆ ನಮ್ಮಲ್ಲಿ ಕ್ಷಮೆ ಯಾವ ದಿಕ್ಕಿಗೆ ಹೋಗುತ್ತದೆ? ಮಗ ಅಪ್ಪನ ಕಾಲು ಮುಟ್ಟುತ್ತಾನೆ. ಸೊಸೆ ಅತ್ತೆಗೆ ‘ತಪ್ಪಾಯ್ತು’ ಅನ್ನುತ್ತಾಳೆ. ಆಳು ಧಣಿಗೆ ಅನ್ನುತ್ತಾನೆ. ತಪ್ಪು ಅಪ್ಪನದೇ ಆಗಿದ್ದರೆ? ರಾತ್ರಿ ಕುಡಿದು ಬಂದು ಹೊಡೆದವನು ಬೆಳಿಗ್ಗೆ ಮಗನ ಕೈಗೆ ದುಡ್ಡು ಕೊಡುತ್ತಾನೆ, ಸಂಜೆ ಹೆಂಡತಿಗೆ ಮಲ್ಲಿಗೆ ತರುತ್ತಾನೆ. ಬಾಯಿ ಬಿಟ್ಟು ಹೇಳಬೇಕಾದ ಕಡೆ ಹೂವು ಸಾಲದು. ಆ ಮಗ ದೊಡ್ಡವನಾಗಿ ಬೆಂಗಳೂರು ಸೇರಿದ ಮೇಲೆ ಹಬ್ಬಕ್ಕೂ ಬರುವುದಿಲ್ಲ. ಅಪ್ಪ ದಿನವೂ ಬಾಗಿಲು ನೋಡುತ್ತಾನೆ, ಫೋನ್ ಮಾತ್ರ ಮಾಡುವುದಿಲ್ಲ. ‘ಹಿರಿಯ ನಾನು, ನಾನ್ಯಾಕೆ ಬಗ್ಗಲಿ?’

ಜಪಾನಿನಲ್ಲಿ ‘ಸುಮಿಮಾಸೆನ್’ ಎಂಬ ಒಂದೇ ಪದ ಕ್ಷಮೆಗೂ ಆಗುತ್ತದೆ, ಕೃತಜ್ಞತೆಗೂ ಆಗುತ್ತದೆ. ಅಲ್ಲಿ ಕಂಪನಿಯಿಂದ ದೊಡ್ಡ ತಪ್ಪಾದರೆ ಅದರ ಅಧ್ಯಕ್ಷರೇ ಕ್ಯಾಮೆರಾಗಳ ಮುಂದೆ ಸೊಂಟ ಬಗ್ಗಿಸಿ ನಿಲ್ಲುವುದುಂಟು. ನಮ್ಮ ಧರ್ಮಸಭೆಯಲ್ಲೂ 2000ದ ಮಾರ್ಚ್ 12ರಂದು ಪೋಪ್ ಎರಡನೇ ಜಾನ್ ಪೌಲರು, ಧರ್ಮಸಭೆಯ ಮಕ್ಕಳು ಶತಮಾನಗಳಿಂದ ಮಾಡಿದ ಪಾಪಗಳಿಗಾಗಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ಇದರಿಂದ ಗೌರವ ಕುಗ್ಗೀತು ಎಂದು ಅಂಜಿದವರೂ ಇದ್ದರು. ಪೋಪ್ ಫ್ರಾನ್ಸಿಸರು 2015ರ ಮೇ 13ರಂದು ಕುಟುಂಬಗಳಿಗೆ ಮೂರು ಮಾತು ಕಲಿಸಿದರು: ದಯವಿಟ್ಟು, ಧನ್ಯವಾದ, ಕ್ಷಮಿಸಿ. ಜಗಳವಾಡಿದರೂ ರಾಜಿಯಾಗದೆ ದಿನ ಮುಗಿಸಬೇಡಿ ಎಂದರು.

ಪ್ರಭು ಯೇಸು ಕ್ಷಮೆ ಕೇಳಬೇಕಾದ ತಪ್ಪನ್ನೇನೂ ಮಾಡಿರಲಿಲ್ಲ. ಆದರೂ ಆ ಕಡೆಯ ಭೋಜನದ ರಾತ್ರಿ ಗುರುವೇ ಶಿಷ್ಯರ ಕಾಲು ಮುಟ್ಟಿದರು. ಪೇತ್ರ ನಮ್ಮ ಹಾಗೆಯೇ ಗಾಬರಿಯಾಗಿ ತಡೆದ. ಯೇಸು ಬಿಡಲಿಲ್ಲ.

ಇನ್ನು ಸ್ವಲ್ಪ ಹೊತ್ತಿಗೆ ಪರಸ್ಪರ ಶಾಂತಿ ಕೋರುತ್ತೇವೆ. ನಮ್ಮ ದೇಶದ ರೀತಿಯಂತೆ ಕೈ ಮುಗಿದು ಶಾಂತಿ ಕೋರಲು ರೋಮ್ 1969ರಲ್ಲೇ ಒಪ್ಪಿಗೆ ಕೊಟ್ಟಿತು. ಎಷ್ಟೋ ಸಲ ಅವಸರದಲ್ಲಿ ಅಕ್ಕಪಕ್ಕ ಕೈ ಮುಗಿದು ಮುಗಿಸಿಬಿಡುತ್ತೇವೆ. ಇಂದು ಹಿರಿಯರು ಮೊದಲು ತಿರುಗಿ. ಅಪ್ಪಂದಿರೇ, ಮಕ್ಕಳ ಕಡೆಗೆ. ಅತ್ತೆಯಂದಿರೇ, ಸೊಸೆಯ ಕಡೆಗೆ. ಬೆಂಗಳೂರಿನಲ್ಲಿರುವ ಮಗನಿಗೆ ಬಲಿಪೂಜೆ ಮುಗಿದ ಮೇಲೆ ಈ ಅಂಗಳದಿಂದಲೇ ಫೋನ್ ಮಾಡಿ.