ತಿಗರಿಯನ್ನು ಕೊಳ್ಳುವ ಮುನ್ನ



ಶಾಲೆಯ ಕುಂಬಾರಿಕೆ ಕೊಠಡಿಗೆ ಎಂಥ ತಿಗರಿಯನ್ನು ಆಯ್ದುಕೊಳ್ಳಬೇಕೆಂಬುದು ಇಂದಿನ ವಿಷಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳಿಗೆ ಬಡಗಿತನ, ತೋಟಗಾರಿಕೆಗಳೊಡನೆ ಕುಂಬಾರಿಕೆಯ ಅನುಭವವೂ ದೊರೆಯಬೇಕೆಂದು ಸೂಚಿಸಿದೆ. ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಊರಿನ ಕುಶಲಕರ್ಮಿಗಳ ಬಳಿ ಕಲಿಯುವ ಅವಕಾಶವನ್ನೂ ಅದು ಹೇಳಿದೆ. ಆದುದರಿಂದ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಕನ್ನಡ ಶಾಲೆಗಳಿಗೂ ಈ ಪ್ರಶ್ನೆ ಸಲ್ಲುತ್ತದೆ.

ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡುತ್ತೇನೆ. ಹಿಂದೊಮ್ಮೆ ಒಂದು ಶಾಲೆಗೆ ಎರಡು ವಿದ್ಯುತ್ ತಿಗರಿಗಳನ್ನು ಕೊಳ್ಳುವಂತೆ ಸಲಹೆ ಕೊಟ್ಟೆ. ಮರುವರ್ಷ ಹೋಗಿ ನೋಡಿದಾಗ ಒಂದರ ಮೇಲೆ ಹಾಜರಿ ಪುಸ್ತಕಗಳಿದ್ದವು, ಇನ್ನೊಂದು ಹೊದಿಕೆಯನ್ನೇ ಬಿಟ್ಟಿರಲಿಲ್ಲ. ಕೊಠಡಿಯಲ್ಲಿ ಸರಿಯಾದ ಅರ್ಥಿಂಗ್ ಇರಲಿಲ್ಲ, ಕಲಿಸಬಲ್ಲವರು ಇರಲಿಲ್ಲ, ಮಾಡಿದ್ದನ್ನು ಸುಡಲು ಆವಿಗೆಯೂ ಇರಲಿಲ್ಲ. ಇವುಗಳಲ್ಲಿ ಒಂದನ್ನೂ ನಾನು ಮುಂಚೆ ವಿಚಾರಿಸಿರಲಿಲ್ಲ. ಯಂತ್ರದ ಗುಣವನ್ನಷ್ಟೇ ನೋಡಿದ್ದೆ, ಅದು ಸೇರುವ ಮನೆಯನ್ನು ನೋಡಿರಲಿಲ್ಲ.

ತಿಗರಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ಕೋಲಿನಿಂದ ತಿರುಗಿಸುವ ಪರಂಪರೆಯ ತಿಗರಿ. ಅದರ ಭಾರವೇ ಅದರ ವೇಗವನ್ನು ಕಾಯುತ್ತದೆ. ಆದರೆ ನೆಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಬಾಗಿ, ಬಲವಾಗಿ ತಿರುಗಿಸುವ ಶಕ್ತಿ ಮಕ್ಕಳಿಗಿರದು. ಇದು ನುರಿತವರ ಕೈಯಲ್ಲಿ ನೋಡಿ ಕಲಿಯತಕ್ಕದ್ದು. ಎರಡನೆಯದು, ಕಾಲಿನಿಂದ ಒದೆದು ತಿರುಗಿಸುವಂಥದು. ಇದಕ್ಕೆ ವಿದ್ಯುತ್ತು ಬೇಡ. ಆದರೆ ಕೆಳಗಿನ ಭಾರದ ಗಾಲಿಗೆ ಚಿಕ್ಕ ಮಕ್ಕಳ ಕಾಲು ಎಟುಕುವುದಿಲ್ಲ. ದೊಡ್ಡ ತರಗತಿಗಳಿಗೆ ಇದು ಒಪ್ಪುತ್ತದೆ. ಮೂರನೆಯದು ವಿದ್ಯುತ್ ತಿಗರಿ. ಪೆಡಲ್ ಒತ್ತಿ ವೇಗವನ್ನು ಏರಿಸಿ ಇಳಿಸಬಹುದಾದ್ದರಿಂದ ಮಗುವಿನ ಗಮನವೆಲ್ಲ ಕೈಯಲ್ಲಿ ನಿಲ್ಲುತ್ತದೆ.

ವಿದ್ಯುತ್ ತಿಗರಿಯನ್ನೇ ಕೊಳ್ಳುವಿರಾದರೆ ಅಂಗಡಿಯಲ್ಲಿ ಬರಿದೇ ತಿರುಗಿಸಿ ನೋಡಿ ಬರಬೇಡಿರಿ. ಹದಮಾಡಿದ ಮಣ್ಣನ್ನು ಜೊತೆಗೆ ಒಯ್ಯಿರಿ. ಮಣ್ಣನ್ನು ತಟ್ಟೆಯ ನಡುವೆ ಇಟ್ಟು, ನಿಧಾನವಾದ ವೇಗದಲ್ಲಿ ಎರಡೂ ಕೈಗಳಿಂದ ಒತ್ತಿರಿ. ಆಗ ತಟ್ಟೆ ತಡವರಿಸಿ ನಿಂತರೆ ಅಂಥದನ್ನು ಬಿಡಿರಿ. ಮಕ್ಕಳು ಬಳಸುವ ಅರ್ಧ ಕಿಲೋ ಮಣ್ಣಿನ ಮುದ್ದೆಗೆ ಅರ್ಧ ಅಶ್ವಶಕ್ತಿಯ ಮೋಟಾರು ಧಾರಾಳವಾಗಿ ಸಾಕು. ವೇಗವು ಸೊನ್ನೆಯಿಂದ ಜಗ್ಗದೆ ಏರಬೇಕು. ಎಡಗೈ ರೂಢಿಯ ಮಕ್ಕಳಿಗಾಗಿ ಹಿಮ್ಮುಖವಾಗಿಯೂ ತಿರುಗುವ ಸೌಕರ್ಯವಿದ್ದರೆ ಲೇಸು. ನೀರು ಹಿಡಿಯುವ ತೊಟ್ಟಿಯನ್ನು ಸುಲಭವಾಗಿ ಬಿಚ್ಚಿ ತೊಳೆಯುವಂತಿರಬೇಕು. ಬೆಲ್ಟ್ ಹರಿದರೆ ಹತ್ತಿರದ ಪೇಟೆಯಲ್ಲಿ ಸಿಗುವುದೇ ಎಂದು ಕೇಳಿಕೊಳ್ಳಿರಿ. ಒದ್ದೆ ಕೈಗಳ ಕೆಲಸವಿದು. ಅರ್ಥಿಂಗ್ ಮತ್ತು ವಿದ್ಯುತ್ ಸೋರಿಕೆಯಾದೊಡನೆ ಸಂಪರ್ಕ ಕಡಿಯುವ ಸ್ವಿಚ್ಚು ಇಲ್ಲದ ಕೊಠಡಿಯಲ್ಲಿ ಅದನ್ನು ಕೂಡಿಸಲೇಬಾರದು. ಒಣಗಿದ ಮಣ್ಣಿನ ಧೂಳು ಶ್ವಾಸಕೋಶಕ್ಕೆ ಕೆಡುಕು. ಆದ್ದರಿಂದ ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿರಿ.

ಇನ್ನು ಎಷ್ಟು ಕೊಳ್ಳಬೇಕು? ಸಣ್ಣ ಲೆಕ್ಕವೊಂದನ್ನು ಮಾಡೋಣ. ತರಗತಿಯಲ್ಲಿ 40 ಮಕ್ಕಳು, ಅವಧಿ 40 ನಿಮಿಷ. ಒಂದು ಮಗುವಿಗೆ ಹತ್ತು ನಿಮಿಷ ಕೊಟ್ಟರೆ ಒಂದು ತಿಗರಿಯಲ್ಲಿ ಒಂದು ಅವಧಿಗೆ ನಾಲ್ವರು ಮಾತ್ರ ಕೂರಬಲ್ಲರು. ಎಲ್ಲರ ಸರದಿ ಮುಗಿಯಲು ಹತ್ತು ಅವಧಿಗಳು ಬೇಕು. ತಿಗರಿ ಎರಡಾದರೂ ಐದು ಅವಧಿಗಳು. ಉಳಿದ ಮೂವತ್ತಕ್ಕೂ ಹೆಚ್ಚು ಮಕ್ಕಳು ಅಷ್ಟು ಹೊತ್ತು ಏನು ಮಾಡಬೇಕು? ಇದಕ್ಕೆ ಉತ್ತರ ನಮ್ಮ ಮನೆಗಳಲ್ಲೇ ಇದೆ. ಕಾರಹುಣ್ಣಿಮೆ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡುವ ಕೈಗಳಿಗೆ ತಿಗರಿಯ ಹಂಗಿಲ್ಲ. ಚಿವುಟಿ ಮಾಡುವ ಹಣತೆ, ಮಣ್ಣಿನ ಹುರಿ ಸುತ್ತಿ ಏರಿಸುವ ಕುಡಿಕೆ, ಹಲಗೆಯ ಮೇಲೆ ತಟ್ಟಿ ಕತ್ತರಿಸುವ ಬಿಲ್ಲೆ, ಇವೆಲ್ಲವೂ ಕುಂಬಾರಿಕೆಯೇ. ಆದುದರಿಂದ ನನ್ನ ಸಲಹೆ ಇಷ್ಟು: ಒಳ್ಳೆಯದೊಂದು ತಿಗರಿ ಸಾಕು. ಅದರ ಜೊತೆಗೆ ಕೈಯಿಂದ ತಿರುಗಿಸುವ ಸಣ್ಣ ತಟ್ಟೆಗಳು ಕೆಲವು. ಎರಡನೆಯ ತಿಗರಿಯ ಹಣವನ್ನು ಊರಿನ ಕುಂಬಾರರ ಗೌರವಧನಕ್ಕೆ ಎತ್ತಿಡಿರಿ.

ಏಕೆಂದರೆ ಅವರು ಬಂದರೆ ಆವಿಗೆಯ ಚಿಂತೆಯೂ ತೀರುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖವನ್ನು ದಾಟಿದ ಮಣ್ಣು ಮತ್ತೆ ನೀರಿನಲ್ಲಿ ಕರಗದು. ಮಕ್ಕಳ ಹಣತೆಗಳು ಅವರ ಆವಿಗೆಯಲ್ಲಿ ಬೆಂದು ಬಂದ ದಿನ ಈ ವಿಜ್ಞಾನ ಪಾಠ ತಾನಾಗಿ ಮುಗಿದಿರುತ್ತದೆ. ನೀವೇ ಕಲಿಯಬಯಸಿದರೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯಿದೆ, ಅಲ್ಲಿ ವಿಚಾರಿಸಬಹುದು.

ಇನ್ನೊಂದು ಕಾರಣವೂ ಇದೆ, ಅದು ಭಾಷಾ ಶಿಕ್ಷಕರಾದ ನಮಗೆ ಸೇರಿದ್ದು. ನಮ್ಮ ಮಕ್ಕಳು ಪೇಟೆಯಲ್ಲಿ 'ಚಾಕ' ಎಂಬ ಮರಾಠಿ ಮಾತನ್ನು ಕೇಳುತ್ತಾರೆ, ಸರಕುಪಟ್ಟಿಯಲ್ಲಿ 'ವ್ಹೀಲ್' ಎಂದು ಓದುತ್ತಾರೆ. 'ತಿಗರಿ' ಎಂಬುದು ಅವರಿಗೆ ಪಠ್ಯದ ಕೊನೆಯ ಪದಕೋಶದಲ್ಲಷ್ಟೇ ಸಿಕ್ಕರೆ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ. ತಿರುಗುತ್ತಿರುವ ತಿಗರಿಯ ಎದುರಿನಲ್ಲಿ, ಮಣ್ಣು ಮೆತ್ತಿದ ಕೈಯೊಡನೆ, ಹಿರಿಯ ಕುಂಬಾರರ ಬಾಯಿಂದ ಕೇಳಿದ ಮಾತು ಹಾಗೆ ಮರೆಯಾಗದು. ಮರಾಠಿಯ ಮಾತನ್ನು ಅಳಿಸಬೇಕಾಗಿಲ್ಲ. ಚಾಕ, ತಿಗರಿ, ಆವಾ, ಆವಿಗೆ ಎಂದು ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆಯಿಸಿರಿ. ಯಾವುದು ದೂರ, ಯಾವುದು ಹತ್ತಿರ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ. ಹರಿಹರನ ರಗಳೆಯ ಕುಂಬಾರ ಗುಂಡಯ್ಯನ ಕಥೆಯನ್ನು ಅದೇ ವಾರ ಹೇಳಿದರೆ ಅವರಿಗೆ ಗುಂಡಯ್ಯ ಪಕ್ಕದ ಓಣಿಯವನಾಗಿಯೇ ತೋರುತ್ತಾನೆ.

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯನ್ನು ನಾವೆಲ್ಲರೂ ಕಲಿಸಿದ್ದೇವೆ. ನುಡಿಗೂ ಈ ಮಾತು ಸಲ್ಲುತ್ತದೆ. ಒಂದು ಕಸುಬಿನ ಪದಗಳು ಕೂಡಿಬರಲು ತಲೆಮಾರುಗಳೇ ಬೇಕಾದವು. ಅವುಗಳನ್ನು ಆಡುವವರನ್ನು ಶಾಲೆಗೆ ಕರೆಯದಿದ್ದರೆ ಕಳೆದುಹೋಗಲು ಒಂದು ತಲೆಮಾರು ಸಾಕು. ಆದುದರಿಂದ ತಿಗರಿಯ ದರಪಟ್ಟಿಯನ್ನು ತರಿಸುವ ಮುನ್ನ ನಿಮ್ಮ ಊರಿನ ಕುಂಬಾರರ ಓಣಿಗೆ ಒಮ್ಮೆ ಹೋಗಿ ಬನ್ನಿರಿ ಎಂದು ವಿನಂತಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.