ಕೆಂಪು ಮೂತ್ರ: ಮಲೆನಾಡಿನ ಹಸುವಿನ ಒಂದು ಸಮಸ್ಯೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಸುವೊಂದು ಕೆಂಪಾಗಿ ಮೂತ್ರ ಮಾಡಿದರೆ ಮನೆಯವರು ಮೊದಲು ಹೇಳುವ ಮಾತು "ಉಷ್ಣ ಆಗಿದೆ" ಎಂದು. ಬಾಳೆದಿಂಡಿನ ರಸವನ್ನೋ, ಜೀರಿಗೆ ಕಷಾಯವನ್ನೋ ಕುಡಿಸಿ ಎರಡು ದಿನ ಕಾಯುತ್ತಾರೆ. ಕಷಾಯದಿಂದ ಕೆಡುಕೇನೂ ಇಲ್ಲ. ಕೆಡುಕು ಆಗುವುದು ಆ ಎರಡು ದಿನ ಕಾಯುವುದರಿಂದ. ಕೆಂಪು ಮೂತ್ರವೆಂಬುದು ಒಂದು ರೋಗವಲ್ಲ, ಹಲವು ರೋಗಗಳ ಲಕ್ಷಣ. ಅವುಗಳಲ್ಲಿ ಕೆಲವಕ್ಕೆ ಅಂದೇ ಚಿಕಿತ್ಸೆಯಾಗಬೇಕು. ಒಂದಕ್ಕಂತೂ ಔಷಧವೇ ಇಲ್ಲ.

ನಾನು ಪಶುವೈದ್ಯನಲ್ಲ. ವಿಜ್ಞಾನ ಓದಿ ದೂರದರ್ಶನದ ಕೆಲಸಕ್ಕೆ ಬಂದವನು. ಕೆಂಪು ಬಣ್ಣವನ್ನು ಪರದೆಯ ಮೇಲೆ ಇದ್ದ ಹಾಗೆ ತೋರಿಸುವುದು ನಮ್ಮ ವೃತ್ತಿಯಲ್ಲಿ ಬಹಳ ಕಷ್ಟ. ಆದ್ದರಿಂದ ಚಿತ್ರ ನೋಡಿ ತೀರ್ಮಾನಿಸಬೇಡಿ, ಈ ಪರೀಕ್ಷೆಯನ್ನು ಕೊಟ್ಟಿಗೆಯಲ್ಲೇ ಮಾಡಿ. ಹಸು ಮೂತ್ರ ಮಾಡುವಾಗ ಒಂದು ಸ್ವಚ್ಛವಾದ ಗಾಜಿನ ಬಾಟಲಿಯಲ್ಲಿ ಹಿಡಿದು, ಅಲುಗಾಡಿಸದೆ ಕೆಲವು ಗಂಟೆ ಇಡಿ. ಕೆಂಪು ತಳಕ್ಕೆ ಇಳಿದು ಮೇಲೆ ತಿಳಿಯಾದರೆ ಅದು ರಕ್ತ, ಮೂತ್ರಕೋಶದಿಂದಲೋ ಮೂತ್ರಪಿಂಡದಿಂದಲೋ ಸೋರುತ್ತಿದೆ. ಏನೂ ಇಳಿಯದೆ ಇಡೀ ಬಾಟಲಿ ಕಾಫಿ ಡಿಕಾಕ್ಷನ್ ಬಣ್ಣದಲ್ಲೇ ಉಳಿದರೆ, ರಕ್ತಕಣಗಳು ದೇಹದೊಳಗೇ ಒಡೆದು ಅವುಗಳ ಬಣ್ಣ ಮೂತ್ರಪಿಂಡದ ಮೂಲಕ ಹೊರಬರುತ್ತಿದೆ ಎಂದರ್ಥ. ಈ ಡಿಕಾಕ್ಷನ್ ಬಣ್ಣವನ್ನು ಕಂಡರೆ ಬಾಟಲಿ ಇಳಿಯುವುದನ್ನೂ ಕಾಯದೆ ವೈದ್ಯರಿಗೆ ಹೇಳಿಕಳಿಸಿ. ಒಡೆದ ಕಣಗಳ ಬಣ್ಣ ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನೇ ಕೆಡಿಸುತ್ತದೆ.

ಕಣ ಒಡೆಯುವ ಕಾಯಿಲೆಗಳಲ್ಲಿ ಮುಖ್ಯವಾದುದು ಉಣ್ಣೆಯಿಂದ ಹರಡುವ ಬೆಬೀಸಿಯ. ತೀವ್ರ ಜ್ವರ, ಮೇವು ಬಿಡುವುದು, ಕಣ್ಣಿನ ಒಳಪದರ ಬಿಳಿಚಿಕೊಳ್ಳುವುದು ಇದರ ಗುರುತು. ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ಈ ರೋಗವನ್ನು ಉಣ್ಣೆಯೇ ಹೊತ್ತು ತರುತ್ತದೆ ಎಂದು ತೋರಿಸಿದರು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗ ಇನ್ನೂ ಸಾಬೀತಾಗಿರಲಿಲ್ಲ! ನಮ್ಮವರಿಗೆ ಉಣ್ಣೆ ಎಂದೊಡನೆ ಮಂಗನ ಕಾಯಿಲೆ ನೆನಪಾಗುತ್ತದೆ. ಅದನ್ನು ಹರಡುವ ಕಾಡಿನ ಉಣ್ಣೆ ಬೇರೆ, ಇದನ್ನು ಹರಡುವ ದನದ ಉಣ್ಣೆ ಬೇರೆ. ಮಿಶ್ರತಳಿಯ ಹಸುಗಳು ಇದಕ್ಕೆ ಬೇಗ ತುತ್ತಾಗುತ್ತವೆ, ಮಲೆನಾಡು ಗಿಡ್ಡ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಮೊದಲ ದಿನವೇ ಚುಚ್ಚುಮದ್ದು ಬಿದ್ದರೆ ಬಹುಪಾಲು ಹಸುಗಳು ಚೇತರಿಸಿಕೊಳ್ಳುತ್ತವೆ.

ಕರು ಹಾಕಿದ ಎರಡು ಮೂರು ವಾರದಲ್ಲಿ, ಜ್ವರವಿಲ್ಲದೆ ಮೂತ್ರ ಕಪ್ಪಾದರೆ ರಂಜಕದ ಕೊರತೆಯನ್ನು ಶಂಕಿಸಬೇಕು. ಜಂಬಿಟ್ಟಿಗೆಯ ಹುಳಿಮಣ್ಣು ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿ ಬೆಳೆದ ಹುಲ್ಲಿನಲ್ಲೂ ಅದು ಕಡಿಮೆ. ಇಲಿಜ್ವರದ ರೋಗಾಣು ಕರುಗಳಲ್ಲಿ ಕೆಂಪು ಮೂತ್ರವನ್ನೂ, ಗಬ್ಬದ ಹಸುಗಳಲ್ಲಿ ಕಂದು ಹಾಕುವುದನ್ನೂ ತರುತ್ತದೆ. ಆ ಮೂತ್ರದಿಂದ ಮನುಷ್ಯರಿಗೂ ಅಂಟುತ್ತದೆ. ಬಾಟಲಿ ಹಿಡಿಯುವಾಗ ಕೈಗವಸು ಇರಲಿ, ಕೈಕಾಲಿನಲ್ಲಿ ಗಾಯವಿದ್ದವರು ಆ ಕೆಲಸಕ್ಕೆ ಹೋಗುವುದು ಬೇಡ.

ಅಡಿಕೆ ತೋಟದವರು ಕೇಳಬೇಕಾದ ಮಾತು ಇನ್ನೊಂದಿದೆ. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿದೆ, ಎಂದರೆ ತಾಮ್ರ. ಔಷಧಿ ಹೊಡೆದ ಮರದಡಿಯ ಹುಲ್ಲನ್ನು ಕೊಯ್ದು ದಿನವೂ ಹಾಕಿದರೆ ತಾಮ್ರ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ಸದ್ದಿಲ್ಲದೆ ಕೂಡುತ್ತಾ ಹೋಗಿ, ಒಂದು ದಿನ ಒಮ್ಮೆಲೇ ರಕ್ತಕ್ಕೆ ಬಿಡುಗಡೆಯಾಗಿ ಕಣಗಳನ್ನು ಒಡೆಯುತ್ತದೆ. ಕುರಿಗಳಿಗೆ ಇದು ಬಹಳ ಅಪಾಯ. ದೊಡ್ಡ ಹಸು ಹೆಚ್ಚು ತಾಳಿಕೊಳ್ಳುತ್ತದೆ, ಕರು ಅಷ್ಟು ತಾಳುವುದಿಲ್ಲ. ದ್ರಾವಣ ಕಲಸಿದ ಡ್ರಮ್ಮಿನಲ್ಲಿ ಕಲಗಚ್ಚು ಇಡುವ ಅಭ್ಯಾಸ ಎಲ್ಲಿದ್ದರೂ ಇಂದೇ ನಿಲ್ಲಲಿ.

ಈಗ ಬಾಟಲಿಯ ತಳಕ್ಕೆ ರಕ್ತ ಇಳಿಯುವ ರೋಗದ ವಿಷಯ. ನಾಲ್ಕೈದು ವರ್ಷ ದಾಟಿದ ಹಸು. ಜ್ವರವಿಲ್ಲ, ಮೇವು ತಿನ್ನುತ್ತದೆ. ಒಂದು ವಾರ ಮೂತ್ರದಲ್ಲಿ ರಕ್ತ, ಕೆಲವೊಮ್ಮೆ ಹೆಪ್ಪು. ಆಮೇಲೆ ತಾನಾಗಿ ನಿಲ್ಲುತ್ತದೆ. ಆ ಹೊತ್ತಿಗೆ ಕೊಟ್ಟಿದ್ದ ಔಷಧಕ್ಕೆ ಕೀರ್ತಿ ಬರುತ್ತದೆ! ತಿಂಗಳ ಬಳಿಕ ಮತ್ತೆ ರಕ್ತ. ಹೀಗೆ ವರ್ಷಗಟ್ಟಲೆ ನಡೆದು ಹಸು ಸೊರಗಿ, ರಕ್ತಹೀನವಾಗಿ ಬೀಳುತ್ತದೆ. ಸತ್ತ ಮೇಲೆ ಮೂತ್ರಕೋಶವನ್ನು ಕೊಯ್ದು ನೋಡಿದರೆ ಒಳಗೋಡೆಯಲ್ಲಿ ಗಡ್ಡೆಗಳು. ಇದು ಕ್ಯಾನ್ಸರ್. ಇದನ್ನು ತರುವುದು ಬ್ರೇಕನ್ ಎಂಬ ಜರಿಗಿಡ.

ಜರಿಗಿಡಗಳೆಲ್ಲ ಒಂದೇ ಅಲ್ಲ. ಹಳ್ಳದಂಚಿನ ನೆರಳಲ್ಲಿ ಬೆಳೆಯುವವು ಬೇರೆ. ಇದು ಬಿಸಿಲು ಬೀಳುವ ಹಕ್ಕಲಿನಲ್ಲಿ, ಗುಡ್ಡದ ಬೋಳು ಇಳಿಜಾರಿನಲ್ಲಿ ಸೊಂಟದೆತ್ತರ ಎದ್ದು ನಿಲ್ಲುತ್ತದೆ. ನೆಲದಿಂದ ಒಂಟಿ ದಂಟು, ಮೇಲೆ ತ್ರಿಕೋನಾಕಾರದ ಒರಟು ಗರಿ, ಎಲೆಯ ಅಂಚು ಕೆಳಗೆ ಮಡಚಿಕೊಂಡಿರುತ್ತದೆ. ಇದರ ಕಾಂಡ ನೆಲದೊಳಗೆ ಹರಿಯುವುದರಿಂದ ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೆ ಹುಲ್ಲು ಸುಡುತ್ತದೆ, ಇದು ಸುಡುವುದಿಲ್ಲ. ಮೊದಲ ಮಳೆಗೆ ಎಲ್ಲಕ್ಕಿಂತ ಮುಂಚೆ ಚಿಗುರುವುದೂ ಇದೇ. ಹಸಿದ ದನದ ಬಾಯಿಗೆ ಸಿಗುವ ಆ ಎಳೆಯ ಚಿಗುರಿನಲ್ಲೇ ವಿಷ ಅತಿ ಹೆಚ್ಚು. ಜರ್ಮನಿಯಲ್ಲಿ 1960ರಲ್ಲೇ ಹಸುಗಳಿಗೆ ಈ ಗಿಡ ತಿನ್ನಿಸಿ ಇದೇ ರಕ್ತಮೂತ್ರ ಬರುವುದನ್ನು ತೋರಿಸಿದ್ದರು. ಒಳಗಿನ ವಿಷವಸ್ತು ಟಾಕ್ವಿಲೋಸೈಡ್ ಎಂಬುದು ಜಪಾನ್ ಮತ್ತು ಹಾಲೆಂಡಿನ ವಿಜ್ಞಾನಿಗಳಿಂದ 1983ರಲ್ಲಿ ಗೊತ್ತಾಯಿತು.

ಈ ವಿಷ ಹಾಲಿನಲ್ಲೂ ಇಳಿಯುತ್ತದೆ ಎಂಬುದು ಸಾಬೀತಾಗಿದೆ. ಇದನ್ನು ಹೇಳದೆ ಬಿಡುವುದು ಸರಿಯಲ್ಲ. ಜರಿಗಿಡ ಮೇಯುತ್ತಿರುವ ಹಸುವಿನ ಹಾಲನ್ನು ಮನೆಯ ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡಬೇಡಿ. ಅದನ್ನು ಡೈರಿಗೆ ಹಾಕಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ.

ಗಡ್ಡೆ ಬೆಳೆದ ಮೇಲೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಇಲ್ಲ. ಕಬ್ಬಿಣಾಂಶದ ಟಾನಿಕ್ಕು ಕೆಲವು ದಿನ ನಿಲ್ಲಿಸಿಕೊಟ್ಟೀತು, ಅಷ್ಟೇ. ಮಾಡಬೇಕಾದ ಕೆಲಸ ಹಕ್ಕಲಿನಲ್ಲಿದೆ. ಗುಡ್ಡಕ್ಕೆ ಬೆಂಕಿ ಕೊಡಬೇಡಿ. ಗರಿ ಬಿಚ್ಚುವ ಹೊತ್ತಿಗೆ ಒಮ್ಮೆ, ಕೆಲವು ವಾರ ಬಿಟ್ಟು ಮತ್ತೊಮ್ಮೆ ಕತ್ತರಿಸಿ. ಒಂದು ವರ್ಷಕ್ಕೆ ಹೋಗುವ ಗಿಡವಲ್ಲ; ನಾಲ್ಕಾರು ವರ್ಷ ಬಿಡದೆ ಕತ್ತರಿಸಿದರೆ ನೆಲದ ಕಾಂಡ ಸೊರಗುತ್ತದೆ. ಕೊಟ್ಟಿಗೆಗೆ ಹಾಸುವ ಸೊಪ್ಪಿನ ಹೊರೆಯಲ್ಲಿ ಇದು ಬಾರದಂತೆ ನೋಡಿಕೊಳ್ಳಿ, ಒಣಗಿದರೂ ವಿಷ ಪೂರ್ತಿ ಹೋಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ದನವನ್ನು ಗುಡ್ಡಕ್ಕೆ ಅಟ್ಟುವ ಮುಂಚೆ ಕೊಟ್ಟಿಗೆಯಲ್ಲಿ ಒಂದಿಷ್ಟು ಒಣಹುಲ್ಲು ತಿನ್ನಿಸಿ. ಹೊಟ್ಟೆ ತುಂಬಿದ ಹಸು ಜರಿಗಿಡವನ್ನು ಅಷ್ಟಾಗಿ ಮುಟ್ಟುವುದಿಲ್ಲ.

ಎತ್ತು, ಹೋತಗಳು ಮೂತ್ರಕ್ಕೆ ತಿಣುಕಿದರೂ ಹನಿಯೂ ಬರದಿದ್ದರೆ ಅದು ಕಲ್ಲಿನ ತೊಂದರೆಯಿರಬಹುದು. ಮೂತ್ರಕೋಶ ಒಡೆಯುವ ಮೊದಲು ಶಸ್ತ್ರಚಿಕಿತ್ಸೆಯಾಗಬೇಕು, ರಾತ್ರಿಯಾಯಿತೆಂದು ತಡಮಾಡಬೇಡಿ. ವೈದ್ಯರನ್ನು ಕರೆಯಲು ಪಶುಸಂಜೀವಿನಿಯ ದೂರವಾಣಿ ಸಂಖ್ಯೆ 1962. ಕರೆ ಮಾಡಿದಾಗ ಜ್ವರವಿದೆಯೇ, ಕರು ಹಾಕಿ ಎಷ್ಟು ದಿನವಾಯಿತು, ತೋಟಕ್ಕೆ ಔಷಧಿ ಹೊಡೆದದ್ದು ಯಾವಾಗ, ಹಸು ಮೇಯುವ ಗುಡ್ಡದಲ್ಲಿ ಜರಿಗಿಡವಿದೆಯೇ ಎಂಬುದನ್ನು ಕೇಳುವ ಮೊದಲೇ ತಿಳಿಸಿ. ಬಾಟಲಿಯನ್ನು ಚೆಲ್ಲದೆ ಇಟ್ಟಿರಿ.