ಸಂರಕ್ಷಿತ ಪ್ರದೇಶಗಳು: ರೈತರು ತಿಳಿದಿರಬೇಕಾದ ಸಂಗತಿಗಳು

(ಮಾಣಿಕನಗರದಲ್ಲಿ ರೈತರ ಮುಂದೆ ಮಾಡಿದ ಭಾಷಣದ ಪಾಠ)



ಮೃಗಶಿರಾ ಮಳೆಗೆ ಬಿತ್ತಿದ ಹೆಸರು, ಉದ್ದು, ತೊಗರಿ ಎರಡೆಲೆ ಒಡೆಯುವ ಹೊತ್ತಿಗೆ ಬೀದರ ಜಿಲ್ಲೆಯ ಬಯಲಿನಲ್ಲಿ ಚಿಗರಿಯ ಹಿಂಡು ಹೊಲಕ್ಕೆ ಇಳಿಯುತ್ತದೆ. ಪುಸ್ತಕಗಳಲ್ಲಿ ಕೃಷ್ಣಮೃಗವೆಂದು ಕರೆಯುವುದು ಇದನ್ನೇ. ಕಾವಲು ಕುಳಿತ ರೈತ ಆಗ ಕೇಳುವುದು ಒಂದೇ ಮಾತು: ಸರಕಾರದ ಪ್ರಾಣಿ ಸರಕಾರದ ಕಾಡಿನಲ್ಲಿ ಯಾಕೆ ಇರಬಾರದು? ಊರಿನ ಗಾಯರಾಣವನ್ನು ಚಿಗರಿಗಾಗಿ ಮೀಸಲಿಡುತ್ತಾರಂತೆ ಎಂಬ ಸುದ್ದಿ ಬಂದರೆ ಅದೇ ರೈತ, ಹಾಗಾದರೆ ದನ ಎಲ್ಲಿ ಮೇಯಬೇಕು ಎಂದು ಕೇಳುತ್ತಾನೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡನೆಯದಕ್ಕೆ ಉತ್ತರ ಮಾತ್ರ ಆ ಜಾಗಕ್ಕೆ ಕಾನೂನು ಯಾವ ಹೆಸರು ಕೊಟ್ಟಿದೆ ಎಂಬುದನ್ನು ಅವಲಂಬಿಸಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅತಿ ಬಿಗಿಯಾದದ್ದು ರಾಷ್ಟ್ರೀಯ ಉದ್ಯಾನ. ಬಂಡೀಪುರ, ನಾಗರಹೊಳೆ, ಕುದುರೆಮುಖ ಈ ದರ್ಜೆಯವು. ಅಲ್ಲಿ ದನ ಮೇಯಿಸಲು ಅವಕಾಶವೇ ಇಲ್ಲ.

ಎರಡನೆಯದು ವನ್ಯಜೀವಿಧಾಮ. ಈ ಭಾಗದವರಿಗೆ ಪರಿಚಿತವಾದದ್ದು ನೆರೆಯ ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿಧಾಮ. 2011ರಲ್ಲಿ ಘೋಷಿತವಾದ ಇದರ ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರು. ಮಲೆನಾಡಿನ ಹಸಿರು ಕಾಡಲ್ಲ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಒಣನಾಡಿನ ಕಾಡು. ಇಂಥ ಕಾಡಿಗೂ ರಕ್ಷಣೆ ಬೇಕೆಂಬ ತಿಳಿವಳಿಕೆ ತಡವಾಗಿ ಬಂದಿತು. ವನ್ಯಜೀವಿಧಾಮದಲ್ಲಿ ಬೇಟೆ ನಿಷಿದ್ಧ. ಆದರೆ ಮೇವಿನ ಮಾತು ಬೇರೆ. ಮುಖ್ಯ ವನ್ಯಜೀವಿ ಪರಿಪಾಲಕರು ದನ ಮೇಯಿಸುವುದನ್ನು ಕ್ರಮಪಡಿಸಬಹುದು, ಅನುಮತಿಸಬಹುದು ಅಥವಾ ನಿಷೇಧಿಸಬಹುದು. ಆದ್ದರಿಂದ ವನ್ಯಜೀವಿಧಾಮ ಎಂದ ಕೂಡಲೇ ಮೇವು ಹೋಯಿತೆಂದು ಹೆದರುವುದೂ ತಪ್ಪು, ಏನೂ ಆಗುವುದಿಲ್ಲವೆಂದು ಸುಮ್ಮನಿರುವುದೂ ತಪ್ಪು.

ಸುಮ್ಮನಿದ್ದರೆ ಆಗುವ ನಷ್ಟವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವನ್ಯಜೀವಿಧಾಮ ಮಾಡುವ ಉದ್ದೇಶ ಪ್ರಕಟವಾದ ಮೇಲೆ ಜಿಲ್ಲಾಧಿಕಾರಿಗಳು ಅಲ್ಲಿನ ಜನರ ಹಕ್ಕುಗಳ ವಿಚಾರಣೆ ನಡೆಸುತ್ತಾರೆ. ಊರೂರಿಗೆ ಪ್ರಾದೇಶಿಕ ಭಾಷೆಯಲ್ಲಿ ಪ್ರಕಟಣೆ ಬರುತ್ತದೆ. ಅದರ ದಿನಾಂಕದಿಂದ 2 ತಿಂಗಳೊಳಗೆ ಹಕ್ಕುದಾರನು ಲಿಖಿತ ಅರ್ಜಿ ಸಲ್ಲಿಸಬೇಕು. ಹೊಲ, ದಾರಿ, ನೀರು, ಮೇವು, ಯಾವ ಹಕ್ಕಿದ್ದರೂ ಅದರಲ್ಲಿ ಬರೆಯಬೇಕು. ಚಾವಡಿಯ ಗೋಡೆಗೆ ಹಚ್ಚಿದ ಕಾಗದ ಮಳೆಗೆ ತೊಯ್ದು ಹರಿದುಹೋಗುವ ತನಕ ಯಾರೂ ಓದದಿದ್ದರೆ, ಮುಂದೆ ಎಷ್ಟು ಸಲ ಕಛೇರಿ ಸುತ್ತಿದರೂ ಕೆಲಸ ಕಷ್ಟ. ಮೊದಲೇ ಮೀಸಲು ಅರಣ್ಯವಾಗಿದ್ದ ಜಾಗಕ್ಕೆ ಈ ವಿಚಾರಣೆ ಮತ್ತೆ ನಡೆಯುವುದಿಲ್ಲ. ಅಲ್ಲಿನ ಹಕ್ಕುಗಳು ಅರಣ್ಯ ಕಾಯಿದೆಯಡಿ ಹಿಂದೆಯೇ ತೀರ್ಮಾನವಾಗಿರುತ್ತವೆ. ಕಾಡನ್ನೇ ನಂಬಿ ಬದುಕಿದವರಿಗೆ 2006ರ ಅರಣ್ಯ ಹಕ್ಕು ಕಾಯಿದೆ ಇನ್ನೊಂದು ದಾರಿ ತೆರೆದಿದೆ.

ಇನ್ನೊಂದು ಉಪಯುಕ್ತ ಸಂಗತಿ: ವನ್ಯಜೀವಿಧಾಮದ ಒಳಗೆ ಹಾಗೂ ಅದರ 5 ಕಿಲೋಮೀಟರು ಸುತ್ತಿನಲ್ಲಿರುವ ದನಕರುಗಳಿಗೆ ಸಾಂಕ್ರಾಮಿಕ ರೋಗದ ಲಸಿಕೆ ಹಾಕಿಸಲು ಕ್ರಮ ಕೈಗೊಳ್ಳಬೇಕೆಂದು ಇದೇ ಕಾಯಿದೆ ಹೇಳುತ್ತದೆ. ಕಾಲುಬೇನೆ ದನದಿಂದ ಕಾಡುಪ್ರಾಣಿಗೆ, ಕಾಡುಪ್ರಾಣಿಯಿಂದ ದನಕ್ಕೆ ಹರಡಬಲ್ಲದು. ಈ ಲಸಿಕೆಯನ್ನು ಕೇಳಿ ಪಡೆಯುವ ರೈತರು ಕಡಿಮೆ.

2002ರ ತಿದ್ದುಪಡಿಯಿಂದ ಮತ್ತೆರಡು ದರ್ಜೆಗಳು ಬಂದವು. ಗಾಯರಾಣ, ಹುಲ್ಲುಗಾವಲು ಉಳ್ಳ ಊರಿನವರು ಗಮನಿಸಬೇಕಾದದ್ದು ಇವನ್ನು. ಸರಕಾರಿ ಜಮೀನನ್ನು ಊರವರೊಡನೆ ಸಮಾಲೋಚಿಸಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಬಹುದು. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಚಿಗರಿ ಬಯಲು, ಸುಮಾರು 798 ಎಕರೆ, 2007ರಲ್ಲಿ ಹೀಗೆ ಘೋಷಿತವಾಯಿತು. ಇಲ್ಲಿ ಬೆಂಕಿ ಹಚ್ಚುವುದು, ವಿಷ ಅಥವಾ ಸಿಡಿಮದ್ದು ಬಳಸುವುದು ಅಪರಾಧ. ದನ ಮೇಯಿಸುವುದನ್ನು ವನ್ಯಜೀವಿ ಕಾಯಿದೆ ನೇರವಾಗಿ ನಿಷೇಧಿಸಿಲ್ಲ. ಸಲಹೆ ಕೊಡುವ ಸಮಿತಿಯಲ್ಲಿ ಆ ಪ್ರದೇಶಕ್ಕೆ ಸೇರಿದ ಪ್ರತಿ ಗ್ರಾಮ ಪಂಚಾಯಿತಿಯ ಒಬ್ಬ ಪ್ರತಿನಿಧಿ, ಕೃಷಿ ಇಲಾಖೆಯ ಒಬ್ಬರು, ಪಶುಸಂಗೋಪನೆ ಇಲಾಖೆಯ ಒಬ್ಬರು ಇರಬೇಕು. ಪಂಚಾಯಿತಿಯವರು ಮೇವಿನ ಲೆಕ್ಕ ಬಲ್ಲವರನ್ನು ಅಲ್ಲಿಗೆ ಕಳಿಸುವುದು ಲೇಸು. ಸಭೆಗೆ ಹೋಗಿ ಚಹಾ ಕುಡಿದು ಸಹಿ ಮಾಡಿ ಬರುವವರಿಂದ ಪ್ರಯೋಜನವಿಲ್ಲ.

ಖಾಸಗಿ ಅಥವಾ ಊರೊಟ್ಟಿನ ಜಮೀನಿಗೆ, ಒಡೆಯರು ತಾವಾಗಿ ಒಪ್ಪಿದರೆ, ಸಮುದಾಯ ಮೀಸಲು ಪ್ರದೇಶ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಇದಕ್ಕೆ ಉದಾಹರಣೆ. ಅಲ್ಲಿ ಮನೆ ಮುಂದಿನ ಹುಣಸೆ ಮರದಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಒಪ್ಪುವ ಮುಂಚೆ ಒಂದು ಮಾತು ತಿಳಿದಿರಲಿ: ಘೋಷಣೆಯಾದ ಮೇಲೆ ಸಮಿತಿಯ ಠರಾವು ಮತ್ತು ಸರಕಾರದ ಮಂಜೂರಾತಿ ಇಲ್ಲದೆ ಭೂ ಬಳಕೆ ಬದಲಿಸುವಂತಿಲ್ಲ.

ಹೊರದೇಶಗಳಲ್ಲೂ ಇಂಥ ದರ್ಜೆಗಳಿವೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 1994ರಲ್ಲಿ 6 ದರ್ಜೆಗಳನ್ನು ಗೊತ್ತುಪಡಿಸಿತು. ಮೊದಲನೆಯದು ಮನುಷ್ಯನ ಕೈ ಸೋಕದಂತೆ ಕಾಯುವುದು. ಆರನೆಯದು ಹಿತಮಿತವಾಗಿ ಬಳಸುತ್ತ ಕಾಯುವುದು.

ಹೆಸರಿಟ್ಟ ಮಾತ್ರಕ್ಕೆ ನಿರ್ವಹಣೆ ಆಗಲಿಲ್ಲ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದೇ 119 ಚದರ ಕಿಲೋಮೀಟರಿನ ವನ್ಯಜೀವಿಧಾಮವಾಯಿತು. ಆದರೆ ಅದರ ಬಹುಭಾಗದಲ್ಲಿ ಬೆಳೆದು ನಿಂತದ್ದು ನೀಲಗಿರಿ ನೆಡುತೋಪು. ಚಿಗರಿ ಬಯಲಿನ ಪ್ರಾಣಿ. ದೂರದಿಂದಲೇ ತೋಳವನ್ನು ಕಂಡು ಓಡಿ ಪಾರಾಗುವುದು ಅದರ ಬದುಕು. ದಟ್ಟ ಮರಗಳ ನಡುವೆ ಅದಕ್ಕೆ ನೋಟವೂ ಇಲ್ಲ, ಓಟವೂ ಇಲ್ಲ. ಬೋಳು ಬಯಲು ಕಂಡಲ್ಲೆಲ್ಲ ಸಸಿ ನೆಡಬೇಕೆಂಬ ಉತ್ಸಾಹ ಗಾಯರಾಣಕ್ಕೆ ಸಲ್ಲದು. ಅಲ್ಲಿ ಬೇಕಾದದ್ದು ಹುಲ್ಲು. ಬಯಲನ್ನು ಭಾಗ ಮಾಡಿ, ಮಳೆಗಾಲದಲ್ಲಿ ಒಂದು ಭಾಗಕ್ಕೆ ದನ ಬಿಡದೆ ಹುಲ್ಲು ಬೀಜ ಕಟ್ಟುವ ತನಕ ಕಾದರೆ, ಮುಂದೆ ದನಕ್ಕೂ ಚಿಗರಿಗೂ ಮೇವು ಸಿಗುತ್ತದೆ.

ಇನ್ನು ಮೊದಲನೆಯ ಪ್ರಶ್ನೆ. ಚಿಗರಿಗೆ ಧಾಮದ ಗಡಿ ತಿಳಿಯದು. ಕಾನೂನಿನ ರಕ್ಷಣೆಯೂ ಗಡಿಗೆ ನಿಲ್ಲುವುದಿಲ್ಲ. ಅದು ಕಾಯಿದೆಯ 1ನೇ ಅನುಸೂಚಿಯ ಪ್ರಾಣಿ. ಹೊಲದಲ್ಲಿ ಕೊಂದರೂ 3ರಿಂದ 7 ವರ್ಷ ಸೆರೆವಾಸ ಮತ್ತು ದಂಡ. ಬೇಲಿಗೆ ವಿದ್ಯುತ್ ಹರಿಸಿದರೆ ಚಿಗರಿಗಿಂತ ಮೊದಲು ಮನೆಯ ಎತ್ತೋ ಮಗುವೋ ಬಲಿಯಾದೀತು. ಮೊಳಕೆಯ ದಿನಗಳಲ್ಲಿ ಅಕ್ಕಪಕ್ಕದ ಹೊಲದವರು ಪಾಳಿಯ ಮೇಲೆ ಕಾವಲು ಮಾಡುವುದು ಒಳ್ಳೆಯದು. ಬೆಳೆ ಹಾನಿಯಾದರೆ ತಡಮಾಡದೆ ಫೋಟೋ ತೆಗೆದು, ಪಹಣಿಯೊಡನೆ ವಲಯ ಅರಣ್ಯಾಧಿಕಾರಿಗಳ ಕಛೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಹೊಲವನ್ನು ಹರಗಿ ಮರುಬಿತ್ತನೆ ಮಾಡುವ ಮುಂಚೆಯೇ ಸ್ಥಳ ತನಿಖೆ ಆಗುವಂತೆ ಕೇಳಿಕೊಳ್ಳಿ. ಹರಗಿದ ಹೊಲದಲ್ಲಿ ಹಾನಿಯ ಗುರುತು ಉಳಿಯುವುದಿಲ್ಲ.